ಸ್ಟೇಷನ್ ಇದೆ, ಮಾಸ್ತರಿಲ್ಲ

ಟೋಕಿಯೋದಿಂದ ಯೋಕೊಹಾಮಾದ ಕಡೆಗೆ ಹೊರಡುವ ನೀಲಿ ಪಟ್ಟಿಯ ಲೋಕಲ್ ರೈಲು ಹತ್ತಿ. ಕಾಲಿಡಲು ಜಾಗವಿಲ್ಲದಷ್ಟು ಜನ. ದೊಡ್ಡ ನಿಲ್ದಾಣ ಬಂತೆಂದರೆ ಬಿಳಿ ಕೈಗವಸು ತೊಟ್ಟ ಸಿಬ್ಬಂದಿ, ಧ್ವನಿವರ್ಧಕದ ಸೂಚನೆ, ಸೆಕೆಂಡಿನ ಲೆಕ್ಕದಲ್ಲಿ ತೆರೆದು ಮುಚ್ಚುವ ಬಾಗಿಲು. ಈ ಗದ್ದಲದ ನಡುವೆ ತ್ಸುರುಮಿ ಎಂಬಲ್ಲಿ ಇಳಿದುಬಿಡಿ. ಅಲ್ಲಿ ಇನ್ನೊಂದು ಬದಿಯಲ್ಲಿ, ಎತ್ತರದ ಮೇಲೆ, ಕಮಾನು ಛಾವಣಿಯ ಹಳೆಯ ಪ್ಲಾಟ್‌ಫಾರ್ಮೊಂದಿದೆ. ಮೂರೇ ಬೋಗಿಯ ಪುಟ್ಟ ರೈಲು ಅಲ್ಲಿ ಕಾದು ನಿಂತಿರುತ್ತದೆ. ಹತ್ತಿ ಕುಳಿತರೆ ಒಂದು ಕಿಲೋಮೀಟರು ಕೂಡ ಸಾಗಿರುವುದಿಲ್ಲ, ಎರಡು ನಿಮಿಷದಲ್ಲಿ ಮೊದಲ ನಿಲ್ದಾಣ ಬರುತ್ತದೆ. ಅದರ ಹೆಸರು ಕೊಕುದೋ. ಇಳಿಯಿರಿ.

ರೈಲು ಹೊರಟುಹೋಯಿತು. ಈಗ ಸುತ್ತ ಒಮ್ಮೆ ನೋಡಿ. ಬಾಗಿದ ಪ್ಲಾಟ್‌ಫಾರ್ಮು, ತಲೆಯ ಮೇಲೆ ಉಕ್ಕಿನ ಹಳೆಯ ಕಮಾನುಗಳು. ಸ್ಟೇಷನ್ ಮಾಸ್ತರ್ ಇಲ್ಲ. ಟಿಕೇಟು ಕೇಳುವವರಿಲ್ಲ. ಪೋರ್ಟರ್ ಇಲ್ಲ, ಗಂಟೆ ಬಾರಿಸುವವನಿಲ್ಲ. ಮೆಟ್ಟಿಲಿಳಿದು ಕೆಳಗೆ ಬಂದರೆ ಹಳಿಗಳ ಅಡಿಯಲ್ಲಿ ಸುರಂಗದಂಥ ಓಣಿ. ಹಾಡುಹಗಲಿನಲ್ಲೂ ಅಲ್ಲಿ ಮುಸ್ಸಂಜೆ. ಎರಡೂ ಬದಿಗೆ ಒಂದು ಕಾಲಕ್ಕೆ ಅಂಗಡಿ, ತಿಂಡಿ ಮನೆ, ಪಡಖಾನೆಗಳಿದ್ದವು. ಈಗ ಬಹುಪಾಲು ಬಾಗಿಲು ಎಳೆದುಕೊಂಡಿವೆ. ನಡುವೆ ಒಂದು ಕಂಬ, ಅದರ ಮೇಲೊಂದು ಪುಟ್ಟ ಯಂತ್ರ. ಪ್ರಯಾಣಿಕರು ಅದಕ್ಕೆ ಕಾರ್ಡು ತಾಗಿಸುತ್ತಾರೆ, 'ಪೀ' ಎಂದು ಸದ್ದಾಗುತ್ತದೆ, ಹೊರಟುಹೋಗುತ್ತಾರೆ. ತಾಗಿಸದಿದ್ದರೆ? ಕೇಳುವವರು ಅಲ್ಲಿ ಯಾರೂ ಇಲ್ಲ!

ಇದು ಯಾವುದೋ ಬೆಟ್ಟದ ಸಂದಿಯ, ದಿನಕ್ಕೆರಡು ರೈಲು ನಿಲ್ಲುವ ಕುಗ್ರಾಮದ ನಿಲ್ದಾಣವಲ್ಲ ಎಂಬುದನ್ನು ಗಮನಿಸಬೇಕು. ಮೂರೂವರೆ ಕೋಟಿಗೂ ಮಿಕ್ಕಿ ಜನ ಒತ್ತೊತ್ತಾಗಿ ಬದುಕುವ ಟೋಕಿಯೋ ಮಹಾನಗರ ಪ್ರದೇಶದ ಒಡಲೊಳಗೇ, ಯೋಕೊಹಾಮಾ ನಗರದ ಎಲ್ಲೆಯೊಳಗೇ ಇದೆ ಈ ಕೊಕುದೋ. ಇಲ್ಲಿಂದ ಕಾರ್ಮಿಕನೂ, ಶಾಲೆಯ ಹುಡುಗನೂ, ಮೀನು ಕೊಳ್ಳಲು ಬಂದ ಅಜ್ಜಿಯೂ ದಿನವೂ ಓಡಾಡುತ್ತಾರೆ. ಆದರೆ 1971ರಿಂದ ಈ ನಿಲ್ದಾಣದಲ್ಲಿ ರೈಲ್ವೆಯ ಒಬ್ಬನೇ ಒಬ್ಬ ನೌಕರ ಕೂಡ ಕುಳಿತಿಲ್ಲ.

ಜಪಾನೀ ಭಾಷೆಯಲ್ಲಿ ಇಂಥ ನಿಲ್ದಾಣಕ್ಕೆ 'ಮುಜಿನ್ ಎಕಿ' ಎನ್ನುತ್ತಾರೆ. ಮುಜಿನ್ ಎಂದರೆ ಜನವಿಲ್ಲದ್ದು, ಎಕಿ ಎಂದರೆ ನಿಲ್ದಾಣ. ಹೆಸರಿನಲ್ಲೇ ಒಂದು ಸಣ್ಣ ಸುಳ್ಳಿದೆ ಅನ್ನಿ. ಇಲ್ಲಿ ಜನ ಇದ್ದಾರೆ. ಇಲ್ಲದಿರುವುದು ಆ ಜನರನ್ನು ನೋಡಿಕೊಳ್ಳುವ ಮನುಷ್ಯ.

ಸಾಹುಕಾರರ ಹೆಸರಿನ ಸ್ಟೇಷನ್‌ಗಳು

ಕೊಕುದೋ ಎಂದರೆ ರಾಷ್ಟ್ರೀಯ ಹೆದ್ದಾರಿ. ಹೆದ್ದಾರಿಯನ್ನು ರೈಲು ದಾಟುವ ಜಾಗದಲ್ಲಿ ನಿಲ್ದಾಣ ಕಟ್ಟಿದರು, ಆ ಹೆಸರನ್ನೇ ಇಟ್ಟರು. ಆದರೆ ಈ ದಾರಿಯ ಇತರ ನಿಲ್ದಾಣಗಳ ಹೆಸರು ಇಷ್ಟು ಸರಳವಲ್ಲ. ಅವುಗಳ ಹಿಂದೆ ಒಂದು ಕಥೆಯಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಸಾನೋ ಸೋಇಚಿರೋ ಎಂಬ ಸಿಮೆಂಟು ಉದ್ಯಮಿಗೆ ಒಂದು ಹುಚ್ಚು ಹಿಡಿಯಿತು. ತ್ಸುರುಮಿ ಮತ್ತು ಕವಾಸಾಕಿಯ ದಡದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ, ಹೊಸ ನೆಲ ಸೃಷ್ಟಿಸಿ, ಹಡಗು ನೇರವಾಗಿ ಕಾರ್ಖಾನೆಯ ಬಾಗಿಲಿಗೇ ಬಂದು ನಿಲ್ಲುವಂತೆ ಮಾಡಬೇಕೆಂಬ ಹುಚ್ಚು. ಬ್ಯಾಂಕರ್ ಯಾಸುದಾ ಜೆಂಜಿರೋ ಹಣದ ಬೆಂಬಲ ಕೊಟ್ಟರು. ಸಮುದ್ರ ಹಿಂದೆ ಸರಿಯಿತು, ಚಿಮಣಿಗಳು ಎದ್ದವು. ಸರಕು ಸಾಗಿಸಲು 1926ರಲ್ಲಿ ಒಂದು ಖಾಸಗಿ ರೈಲು ಮಾರ್ಗ ಬಂತು. ಕಾರ್ಮಿಕರನ್ನು ಕರೆತರಲು 1930ರ ಅಕ್ಟೋಬರ್ 28ರಂದು ಅದರ ಮೇಲೆ ಪ್ರಯಾಣಿಕರ ಗಾಡಿಗಳೂ ಓಡತೊಡಗಿದವು. ಕೊಕುದೋ ನಿಲ್ದಾಣ ಹುಟ್ಟಿದ್ದು ಆ ದಿನವೇ. ಮರುತಿಂಗಳು ಅಸಾನೋ ತೀರಿಕೊಂಡರು.

ನೆಲವೇ ಹೊಸದು. ಅಲ್ಲಿ ಊರಿಲ್ಲ, ಕೇರಿಯಿಲ್ಲ, ದೇವಸ್ಥಾನವಿಲ್ಲ. ನಿಲ್ದಾಣಗಳಿಗೆ ಹೆಸರನ್ನಾದರೂ ಎಲ್ಲಿಂದ ತರುವುದು? ಕಾರ್ಖಾನೆ ಕಟ್ಟಿದವರ ಹೆಸರನ್ನೇ ಇಟ್ಟರು. ಒಂದು ನಿಲ್ದಾಣ ಅಸಾನೋ. ಇನ್ನೊಂದು ಅಂಜೆನ್, ಅದು ಯಾಸುದಾ ಜೆಂಜಿರೋ ಹೆಸರನ್ನು ಕತ್ತರಿಸಿ ಜೋಡಿಸಿದ್ದು. ಒಕಾವಾ ಎಂಬುದು ಕಾಗದದ ಉದ್ಯಮಿ ಒಕಾವಾ ಹೇಯಿಜಾಬುರೋ ಹೆಸರು. ಕೊನೆಯ ನಿಲ್ದಾಣ ಒಗಿಮಾಚಿ ಎಂದರೆ ಬೀಸಣಿಗೆಯ ಕೇರಿ. ಅಸಾನೋ ಮನೆತನದ ಲಾಂಛನ ಬೀಸಣಿಗೆ. ಹೀಗೆ ಸಾಹುಕಾರರ ವಂಶಾವಳಿಯೇ ರೈಲ್ವೆ ವೇಳಾಪಟ್ಟಿಯಲ್ಲಿ ಸೇರಿಹೋಯಿತು!

ಯುದ್ಧ ಬಂತು. 1943ರಲ್ಲಿ ಸರ್ಕಾರ ಈ ಮಾರ್ಗವನ್ನು ವಶಕ್ಕೆ ತೆಗೆದುಕೊಂಡಿತು. ಕಾರ್ಖಾನೆಗಳಿರುವ ಕಡೆಗೇ ಅಮೆರಿಕದ ವಿಮಾನಗಳೂ ಬಂದವು. ಕೊಕುದೋ ನಿಲ್ದಾಣದ ಹೊರಗೋಡೆಯ ಮೇಲೆ ಗುಂಡಿನ ಗುರುತುಗಳು ಇಂದಿಗೂ ಹಾಗೇ ಉಳಿದಿವೆ. ಯಾರೂ ಅವಕ್ಕೆ ಗಾರೆ ಮೆತ್ತಲಿಲ್ಲ. ಕಾವಲುಗಾರನೇ ಇಲ್ಲದ ನಿಲ್ದಾಣದಲ್ಲಿ ಇತಿಹಾಸ ತನ್ನನ್ನು ತಾನೇ ಕಾದುಕೊಂಡಿದೆ.

ಮಾಸ್ತರನನ್ನು ಕಳಿಸಿದ ಲೆಕ್ಕ

ಇಂಥ ಮಾರ್ಗದಲ್ಲಿ ಸಿಬ್ಬಂದಿಯನ್ನು ಏಕೆ ತೆಗೆದರು? ಉತ್ತರ ಗಡಿಯಾರದಲ್ಲಿದೆ. ಬೆಳಗ್ಗೆ ಕಾರ್ಖಾನೆಯ ಪಾಳಿ ಶುರುವಾಗುವ ಹೊತ್ತಿಗೆ ರೈಲುಗಳು ತುಂಬಿ ಬರುತ್ತವೆ. ಸಂಜೆ ಪಾಳಿ ಮುಗಿದಾಗ ತುಂಬಿ ಹೋಗುತ್ತವೆ. ನಡುವಣ ಹೊತ್ತಿನಲ್ಲಿ ಪ್ಲಾಟ್‌ಫಾರ್ಮು ಭಣಭಣ. ಒಕಾವಾ ಕಡೆಗೆ ಹೋಗುವ ಕವಲಿನಲ್ಲಂತೂ ನಡುಹಗಲು ರೈಲೇ ಇಲ್ಲ. ಬರುವವರೆಲ್ಲ ಪಾಸು ಇರುವ ದಿನದ ಗಿರಾಕಿಗಳು. ಹಾಗಾದರೆ ಹನ್ನೆರಡು ನಿಲ್ದಾಣಗಳಲ್ಲಿ ಹನ್ನೆರಡು ಕಡೆ ಟಿಕೇಟು ಕತ್ತರಿಸುವವರನ್ನು ಏಕೆ ಕೂರಿಸಬೇಕು ಎಂದು ಯಾರೋ ಲೆಕ್ಕ ಹಾಕಿದರು.

ಆಗ ರೈಲ್ವೆಯ ಗಂಟು ಕರಗುತ್ತಿದ್ದ ಕಾಲ. ಜಗತ್ತೇ ಬೆರಗಾದ ಶಿಂಕಾನ್‌ಸೆನ್ ಬುಲೆಟ್ ರೈಲು ಓಡಿದ್ದು 1964ರಲ್ಲಿ. ಜಪಾನ್ ರಾಷ್ಟ್ರೀಯ ರೈಲ್ವೆ ನಷ್ಟದ ಹಾದಿಗೆ ಇಳಿದದ್ದೂ ಅದೇ ವರ್ಷ! ಅಲ್ಲಿಂದ ಮುಂದೆ ಸಾಲ ಬೆಳೆಯುತ್ತಲೇ ಹೋಯಿತು. ಕೊನೆಗೆ 1987ರ ಏಪ್ರಿಲ್ 1ರಂದು ರಾಷ್ಟ್ರೀಯ ರೈಲ್ವೆಯನ್ನು ಒಡೆದು ಖಾಸಗಿ ಕಂಪನಿಗಳನ್ನು ಮಾಡಿದಾಗ ಆ ಸಾಲದ ಮೊತ್ತ ಸುಮಾರು 37 ಲಕ್ಷ ಕೋಟಿ ಯೆನ್. ಅಂಥ ಮನೆಯಲ್ಲಿ ಮೊದಲು ಕತ್ತರಿ ಬೀಳುವುದು ಸಣ್ಣವರ ಮೇಲೆಯೇ. 1971ರಲ್ಲಿ ತ್ಸುರುಮಿ ಮಾರ್ಗದ ಸರದಿ ಬಂತು. 13 ನಿಲ್ದಾಣಗಳಲ್ಲಿ ತ್ಸುರುಮಿ ಒಂದನ್ನು ಬಿಟ್ಟು ಉಳಿದೆಲ್ಲವೂ ಮುಜಿನ್ ಎಕಿಗಳಾದವು.

ಹಾಗಾದರೆ ಟಿಕೇಟಿಲ್ಲದೆ ಓಡಾಡುವವರ ಗತಿ? ಇಲ್ಲೊಂದು ಸ್ವಾರಸ್ಯವಿದೆ. ಟಿಕೇಟು ವಂಚನೆಗೆ ಜಪಾನೀಯರು 'ಕಿಸೆರು' ಎಂಬ ಹೆಸರಿಟ್ಟಿದ್ದಾರೆ. ಕಿಸೆರು ಎಂದರೆ ಹಳೆಯ ಕಾಲದ ಹೊಗೆಸೊಪ್ಪಿನ ಕೊಳವೆ. ಅದರ ಎರಡು ತುದಿಗೆ ಮಾತ್ರ ಲೋಹ, ನಡುವೆ ಬರಿಯ ಬಿದಿರು. ಹತ್ತುವ ಕಡೆ ಸ್ವಲ್ಪ ದೂರಕ್ಕೆ, ಇಳಿಯುವ ಕಡೆ ಸ್ವಲ್ಪ ದೂರಕ್ಕೆ ಕಾಸು ಕೊಟ್ಟು ನಡುವಣ ದಾರಿಯನ್ನು ಪುಕ್ಕಟೆ ನುಂಗುವವನಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ! ಈ ಬಿದಿರು ವ್ಯವಹಾರವನ್ನು ತಡೆಯಲು ರೈಲ್ವೆಯವರು ತ್ಸುರುಮಿ ಜಂಕ್ಷನ್ನಿನ ಒಳಗೇ ಇನ್ನೊಂದು ಗೇಟು ಇಟ್ಟರು. ಪುಟ್ಟ ಮಾರ್ಗದಿಂದ ದೊಡ್ಡ ಮಾರ್ಗಕ್ಕೆ ಬದಲಾಯಿಸುವವರೆಲ್ಲ ಅಲ್ಲಿ ಟಿಕೇಟು ತೋರಿಸಲೇಬೇಕು. ಹನ್ನೆರಡು ಬಾಗಿಲು ಕಾಯುವ ಬದಲು ಒಂದು ಕತ್ತು ಹಿಡಿದರೆ ಸಾಕು ಎಂಬ ಜಾಣತನ.

ಆ ಗೇಟು ಕೂಡ ಈಗಿಲ್ಲ. 2022ರಲ್ಲಿ ಅದನ್ನು ಕಿತ್ತುಹಾಕಿದರು. ಸಣ್ಣ ನಿಲ್ದಾಣಗಳಲ್ಲಿದ್ದ ಟಿಕೇಟು ಯಂತ್ರಗಳನ್ನೂ ತೆಗೆದರು. ಕಾರ್ಡಿಲ್ಲದೆ ಬಂದವನು ಒಂದು ಗುಂಡಿ ಒತ್ತಿದರೆ, 'ಈತ ಇಂಥ ನಿಲ್ದಾಣದಲ್ಲಿ ಹತ್ತಿದ್ದಾನೆ' ಎಂಬ ಚೀಟಿಯೊಂದು ಹೊರಬರುತ್ತದೆ. ಇಳಿಯುವ ಕಡೆ ಅದನ್ನು ತೋರಿಸಿ ಹಣ ಕಟ್ಟಬೇಕು. ಮೊದಲು ಮನುಷ್ಯ ಹೋದ, ಆಮೇಲೆ ಯಂತ್ರ ಹೋಯಿತು. ಉಳಿದದ್ದು ಒಂದು ಚೀಟಿ ಮತ್ತು ನಂಬಿಕೆ.

ಈಚಿನ ವರ್ಷಗಳಲ್ಲಿ ಜಪಾನಿನ ಹಳ್ಳಿಗಾಡಿನ ಅನೇಕ ಮಾರ್ಗಗಳಲ್ಲಿ ಗಾರ್ಡ್ ಕೂಡ ಇಲ್ಲ. ರೈಲು ಓಡಿಸುವ ಚಾಲಕನೇ ಬಾಗಿಲು ತೆರೆಯುತ್ತಾನೆ, ಹಣವನ್ನೂ ನೋಡಿಕೊಳ್ಳುತ್ತಾನೆ. ಹತ್ತುವಾಗ ಬಾಗಿಲ ಬಳಿಯ ಪೆಟ್ಟಿಗೆಯಿಂದ ಅಂಕಿ ಇರುವ ಚೀಟಿ ತೆಗೆದುಕೊಳ್ಳಬೇಕು. ಮುಂದಿನ ಫಲಕದಲ್ಲಿ ಆ ಅಂಕಿಯ ಕೆಳಗೆ ಎಷ್ಟು ಯೆನ್ ಎಂದು ತೋರಿಸುತ್ತದೆ. ಇಳಿಯುವಾಗ ಚಾಲಕನ ಪಕ್ಕದ ಡಬ್ಬಿಗೆ ಚೀಟಿಯನ್ನೂ ಚಿಲ್ಲರೆಯನ್ನೂ ಹಾಕಿ ಇಳಿಯಬೇಕು. ನಮ್ಮ ಓದುಗರಿಗೆ ಕಂಡಕ್ಟರಿಲ್ಲದ ಸಿಟಿ ಬಸ್ಸು ನೆನಪಾದರೆ ತಪ್ಪೇನಿಲ್ಲ.

ಹೊರಗೆ ಹೋಗಲಾಗದ ನಿಲ್ದಾಣ

ತ್ಸುರುಮಿ ಮಾರ್ಗದ ಒಂದು ಕವಲು ಸಮುದ್ರದ ಕಡೆಗೆ ತಿರುಗಿ ಉಮಿ-ಶಿಬಾಉರಾ ಎಂಬಲ್ಲಿ ಮುಗಿಯುತ್ತದೆ. 1940ರಲ್ಲಿ ಕಟ್ಟಿದ ನಿಲ್ದಾಣ. ಪ್ಲಾಟ್‌ಫಾರ್ಮಿನ ಅಂಚಿನ ಕಟಾಂಜನದ ಕೆಳಗೇ ನೀರು. ಅಲೆ ಬಡಿಯುವ ಸದ್ದು, ಎದುರಿಗೆ ದೂರದಲ್ಲಿ ಹಗ್ಗಗಳಿಂದ ತೂಗಿಬಿಟ್ಟಂತೆ ಕಾಣುವ ಸೇತುವೆ. ಟೋಕಿಯೋದ ಪ್ರೇಮಿಗಳೂ ಛಾಯಾಗ್ರಾಹಕರೂ ಹುಡುಕಿಕೊಂಡು ಬರುವಷ್ಟು ಚೆಲುವಾದ ಜಾಗ.

ಆದರೆ ಇಲ್ಲಿ ಇಳಿದವರು ಹೊರಗೆ ಹೋಗುವಂತಿಲ್ಲ! ನಿಲ್ದಾಣದ ಬಾಗಿಲೇ ತೋಷಿಬಾ ಕಾರ್ಖಾನೆಯ ಬಾಗಿಲು. ಕೆಲಸದ ಗುರುತಿನ ಚೀಟಿ ಇದ್ದವರಿಗಷ್ಟೇ ಪ್ರವೇಶ. ಉಳಿದವರು ಸಮುದ್ರ ನೋಡುತ್ತಾ ಅದೇ ರೈಲಿಗೋ ಮುಂದಿನ ರೈಲಿಗೋ ಕಾಯಬೇಕು. ಹಗಲಿನಲ್ಲಿ ಒಂದು ರೈಲು ತಪ್ಪಿದರೆ ಗಂಟೆಗೂ ಮಿಕ್ಕಿ ಕಾಯುವ ಶಿಕ್ಷೆ. ಹೀಗೆ ಬಂದು ನಿಂತವರನ್ನು ನೋಡಿ ಕಂಪನಿಯವರಿಗೇ ಕನಿಕರ ಬಂತೋ ಏನೋ, 1995ರಲ್ಲಿ ತಮ್ಮ ಜಾಗದಲ್ಲೇ ನಿಲ್ದಾಣಕ್ಕೆ ಅಂಟಿದಂತೆ ಕಿರಿದಾದ ಒಂದು ಉದ್ಯಾನ ಮಾಡಿಕೊಟ್ಟರು. ನಾಲ್ಕು ಗಿಡ, ಕೂರಲು ಬೆಂಚು, ಎದುರಿಗೆ ನೀರು. ಯಾರೂ ಇಲ್ಲದ ನಿಲ್ದಾಣದಲ್ಲಿ ಯಾರೋ ನಮ್ಮನ್ನು ನೆನೆದಿದ್ದಾರೆ ಎನಿಸುವುದು ಆ ಬೆಂಚಿನ ಮೇಲೆ ಕೂತಾಗ.

ಅರ್ಧ ದೇಶವೇ ಹೀಗೆ

ಮಾಸ್ತರಿಲ್ಲದ ನಿಲ್ದಾಣ ಜಪಾನಿನಲ್ಲಿ ಈಗ ಅಪರೂಪದ ವಸ್ತುವಲ್ಲ. ಸಾರಿಗೆ ಸಚಿವಾಲಯದ ಲೆಕ್ಕದ ಪ್ರಕಾರ 2002ರ ಮಾರ್ಚ್ ಹೊತ್ತಿಗೆ ದೇಶದ 9,514 ನಿಲ್ದಾಣಗಳಲ್ಲಿ 4,120 ಕಡೆ ಸಿಬ್ಬಂದಿ ಇರಲಿಲ್ಲ. 2020ರ ಮಾರ್ಚ್ ಹೊತ್ತಿಗೆ ಒಟ್ಟು ನಿಲ್ದಾಣಗಳು 9,465ಕ್ಕೆ ಇಳಿದವು, ಸಿಬ್ಬಂದಿ ಇಲ್ಲದವು 4,564ಕ್ಕೆ ಏರಿದವು. ಅಂದರೆ ನೂರಕ್ಕೆ 48. ಶಿಕೋಕು ದ್ವೀಪದ ಕೋಚಿ ಪ್ರಾಂತ್ಯದಲ್ಲಿ ಹತ್ತು ನಿಲ್ದಾಣಗಳಲ್ಲಿ ಒಂಬತ್ತಕ್ಕೂ ಹೆಚ್ಚು ಹೀಗೇ.

ಕಾರಣ ಬರೀ ಕಂಪನಿಗಳ ಜಿಪುಣತನವೆಂದು ಹೇಳಿದರೆ ಅನ್ಯಾಯವಾದೀತು. ದೇಶದ ಜನಸಂಖ್ಯೆ 2008ರಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತಿದೆ. ಹಳ್ಳಿಗಳಲ್ಲಿ ಶಾಲೆಗೆ ಹೋಗುವ ಮಕ್ಕಳೇ ಇಲ್ಲ, ದೊಡ್ಡವರು ಕಾರಿನಲ್ಲಿ ಹೋಗುತ್ತಾರೆ. ಕೆಲಸಕ್ಕೆ ಜನ ಸಿಗುವುದೂ ಕಷ್ಟ. ದಿನಕ್ಕೆ ಹತ್ತಿಪ್ಪತ್ತು ಜನ ಇಳಿಯುವ ಕಡೆ ಒಬ್ಬನಿಗೆ ಸಂಬಳ ಕೊಟ್ಟು ಕೂರಿಸುವುದೋ, ಆ ಹಣದಲ್ಲಿ ಮಾರ್ಗವನ್ನೇ ಉಳಿಸಿಕೊಳ್ಳುವುದೋ? ಪ್ರಶ್ನೆ ಹೀಗೆ ಬಂದಾಗ ಮಾಸ್ತರನೇ ಮನೆಗೆ ಹೋಗಬೇಕಾಗುತ್ತದೆ.

ಆದರೆ ಮಾಸ್ತರ ಮನೆಗೆ ಹೋದರೂ ಅವನ ಕೆಲಸ ಮನೆಗೆ ಹೋಗುವುದಿಲ್ಲ. ಅದು ಇನ್ನೊಬ್ಬರ ಹೆಗಲಿಗೆ ಬೀಳುತ್ತದೆ. ರೈಲು ತಡವಾದರೆ ಏಕೆಂದು ತಿಳಿಯುವ ಕೆಲಸ ಪ್ರಯಾಣಿಕನದು. ರಾತ್ರಿ ಒಂಟಿಯಾಗಿ ಇಳಿದ ಹುಡುಗಿಗೆ ಧೈರ್ಯದ ಕೆಲಸ ಅವಳದೇ. ಕೈಕಾಲು ಗಟ್ಟಿಯಿರುವವರಿಗೆ ಇದೊಂದು ಭಾರವೆಂದೇ ಅನಿಸದು. ಇಲ್ಲದವರಿಗೆ?

ಕೊಕುದೋವನ್ನೇ ತೆಗೆದುಕೊಳ್ಳಿ. ಎತ್ತರದ ಪ್ಲಾಟ್‌ಫಾರ್ಮಿಗೆ ಏರಲು ಮೆಟ್ಟಿಲುಗಳೇ ಗತಿ. ಪ್ಲಾಟ್‌ಫಾರ್ಮು ಬಾಗಿರುವುದರಿಂದ ರೈಲಿಗೂ ಅದಕ್ಕೂ ನಡುವೆ ಸಂದು ಹೆಚ್ಚು. ಗಾಲಿಕುರ್ಚಿಯಲ್ಲಿ ಬಂದವರು ಆ ಸಂದನ್ನು ಒಬ್ಬರೇ ದಾಟುವುದು ಹೇಗೆ? ಸಿಬ್ಬಂದಿ ಇರುವ ನಿಲ್ದಾಣಗಳಲ್ಲಿ ಮಡಚುವ ಹಲಗೆಯೊಂದನ್ನು ಹಿಡಿದು ಒಬ್ಬರು ಓಡಿ ಬರುತ್ತಾರೆ, ಇಳಿಯುವ ನಿಲ್ದಾಣಕ್ಕೂ ಸುದ್ದಿ ಮುಟ್ಟಿಸುತ್ತಾರೆ. ಜಪಾನ್ ನೋಡಿ ಬಂದವರೆಲ್ಲ ಹೊಗಳುವ ದೃಶ್ಯ ಇದು. ಆದರೆ ಹಲಗೆಯನ್ನು ಹಾಕಲು ಒಂದು ಜೊತೆ ಕೈ ಬೇಕೇ ಬೇಕು.

ಹಳದಿ ಹೆಂಚಿನ ಮಾತು

ನಮ್ಮ ಬೆಂಗಳೂರಿನ ಮೆಟ್ರೊ ನಿಲ್ದಾಣಗಳಲ್ಲಿ ಉಬ್ಬು ಗುಂಡಿಗಳಿರುವ ಹಳದಿ ಹೆಂಚುಗಳ ಸಾಲನ್ನು ನೋಡಿರುತ್ತೀರಿ. ಕಣ್ಣು ಕಾಣದವರು ಕಾಲಿನಿಂದಲೇ ದಾರಿ ಓದಿಕೊಳ್ಳಲೆಂದು ಮಾಡಿದ್ದು. ಅದು ಹುಟ್ಟಿದ್ದು ಜಪಾನಿನಲ್ಲೇ. ಮಿಯಾಕೆ ಸೇಇಚಿ ಎಂಬವರು 1965ರಲ್ಲಿ ಅದನ್ನು ರೂಪಿಸಿದರು. 1967ರಲ್ಲಿ ಒಕಾಯಾಮಾ ನಗರದಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ ಮೊದಲ ಬಾರಿಗೆ ಹಾಸಿದರು. ಕಂಡವರ ಕಷ್ಟಕ್ಕೆ ತಾನೇ ಉಪಾಯ ಹುಡುಕಿದ ಒಬ್ಬ ಮನುಷ್ಯನ ಕಾಣಿಕೆ ಇಂದು ಲೋಕದ ಪ್ಲಾಟ್‌ಫಾರ್ಮುಗಳಲ್ಲೆಲ್ಲ ಹರಡಿದೆ.

ಅಂಥ ಹೆಂಚನ್ನು ಕೊಟ್ಟ ದೇಶದಲ್ಲೇ 2020ರಲ್ಲಿ ಒಂದು ಮೊಕದ್ದಮೆ ದಾಖಲಾಯಿತು. ಕ್ಯೂಶೂ ದ್ವೀಪದ ಒಯಿತಾ ನಗರದಲ್ಲಿ ಗಾಲಿಕುರ್ಚಿ ಬಳಸುವ ಕೆಲವರು, ನಿಲ್ದಾಣಗಳಿಂದ ಸಿಬ್ಬಂದಿಯನ್ನು ತೆಗೆದದ್ದರಿಂದ ತಮ್ಮ ಓಡಾಟದ ಸ್ವಾತಂತ್ರ್ಯಕ್ಕೆ ಧಕ್ಕೆಯಾಗಿದೆ ಎಂದು ರೈಲ್ವೆ ಕಂಪನಿಯ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು. ಸಹಾಯ ಬೇಕಾದರೆ ಮೊದಲೇ ಫೋನು ಮಾಡಿ ತಿಳಿಸಿ, ಜನ ಕಳಿಸುತ್ತೇವೆ ಎಂಬ ವ್ಯವಸ್ಥೆ ಇತ್ತು. ಆದರೆ ಯೋಚಿಸಿ ನೋಡಿ. ನಾಳೆ ಎಷ್ಟು ಹೊತ್ತಿಗೆ ಹೊರಡುತ್ತೇನೆ, ಎಷ್ಟು ಹೊತ್ತಿಗೆ ಮರಳುತ್ತೇನೆ ಎಂದು ಇವತ್ತೇ ಹೇಳಬೇಕಾದವನ ಬದುಕು ಎಂಥದು? ಗೆಳೆಯ ಸಿಕ್ಕನೆಂದು ಅರ್ಧ ಗಂಟೆ ಹೆಚ್ಚು ಕೂರುವಂತಿಲ್ಲ. ಮಳೆ ನಿಲ್ಲಲಿ ಎಂದು ಕಾಯುವಂತಿಲ್ಲ. ನೀವು ನಾವು ಯೋಚನೆಯೇ ಮಾಡದೆ ಅನುಭವಿಸುವ ಸಣ್ಣ ಸಣ್ಣ ಸುಖಗಳಿವು.

2022ರ ಜುಲೈಯಲ್ಲಿ ಸಾರಿಗೆ ಸಚಿವಾಲಯ ಸಿಬ್ಬಂದಿಯಿಲ್ಲದ ನಿಲ್ದಾಣಗಳಿಗಾಗಿ ಮಾರ್ಗಸೂಚಿ ಹೊರಡಿಸಿತು. ಅಂಗವಿಕಲ ಪ್ರಯಾಣಿಕರ ಮಾತನ್ನೂ ಕೇಳಿ ಸಿದ್ಧಪಡಿಸಿದ ಸೂಚನೆಗಳವು. ಅದೇ ವರ್ಷದ ಡಿಸೆಂಬರಿನಲ್ಲಿ ಒಯಿತಾ ಪ್ರಾಂತ್ಯದ ತ್ಸುಕುಮಿ ನಿಲ್ದಾಣದಲ್ಲಿ, ಸಿಬ್ಬಂದಿ ಇಲ್ಲದ ಹೊತ್ತಿನಲ್ಲಿ, ದೃಷ್ಟಿದೋಷವಿದ್ದ ಮಹಿಳೆಯೊಬ್ಬರು ರೈಲಿಗೆ ಸಿಕ್ಕಿ ಪ್ರಾಣ ಬಿಟ್ಟರು. ಒಬ್ಬ ಮನುಷ್ಯ ಅಲ್ಲಿದ್ದಿದ್ದರೆ ಉಳಿಯುತ್ತಿದ್ದರೇ? ಹೇಳುವುದು ಸುಲಭವಲ್ಲ. ಆದರೆ ಕೂಗಿ ಕರೆಯುವ ಒಂದು ದನಿ ಇರುತ್ತಿತ್ತು ಎಂಬುದಂತೂ ನಿಜ.

ಟೋಪಿ ತೊಟ್ಟ ಬೆಕ್ಕು

ಕತ್ತಲೆಯ ಮಾತು ಇಷ್ಟು ಸಾಕು. ಇದೇ ಸಮಸ್ಯೆಗೆ ಇನ್ನೊಂದು ಊರು ಕಂಡುಕೊಂಡ ಉತ್ತರವನ್ನು ನೋಡೋಣ. ಇದಕ್ಕಾಗಿ ಟೋಕಿಯೋ ಬಿಟ್ಟು ನೈಋತ್ಯಕ್ಕೆ, ಒಸಾಕಾ ದಾಟಿ, ವಾಕಾಯಾಮಾ ನಗರಕ್ಕೆ ಹೋಗಬೇಕು. ಅಲ್ಲಿಂದ ಹೊರವಲಯದ ಮನೆಗಳ, ಹೊಲಗಳ ನಡುವೆ 14.3 ಕಿಲೋಮೀಟರು ಓಡುವ ಪುಟ್ಟ ಮಾರ್ಗವೊಂದಿದೆ. ಅದರ ಕೊನೆಯ ನಿಲ್ದಾಣ ಕಿಶಿ.

ಈ ಮಾರ್ಗವನ್ನು ನಡೆಸುತ್ತಿದ್ದ ದೊಡ್ಡ ಕಂಪನಿಗೆ ವರ್ಷಕ್ಕೆ ಸುಮಾರು 50 ಕೋಟಿ ಯೆನ್ ನಷ್ಟ. 2004ರಲ್ಲಿ ಅದು ಕೈಚೆಲ್ಲುವ ಮಾತಾಡಿತು. ಊರಿನವರು ಸುಮ್ಮನಿರಲಿಲ್ಲ. ಮಾರ್ಗದ ಭವಿಷ್ಯ ಕಟ್ಟುವ ಸಂಘ ಮಾಡಿಕೊಂಡರು. ವರ್ಷಕ್ಕೆ ಸಾವಿರ ಯೆನ್ ವಂತಿಗೆ, ಆರು ಸಾವಿರಕ್ಕೂ ಹೆಚ್ಚು ಸದಸ್ಯರು. 'ರೈಲು ಹತ್ತಿ, ರೈಲು ಉಳಿಸಿ' ಎಂಬುದೇ ಅವರ ಮಂತ್ರ. ಸ್ಥಳೀಯ ಸರ್ಕಾರಗಳು ಸಹಾಯಧನ ಕೊಡಲು ಒಪ್ಪಿದವು. ಒಕಾಯಾಮಾದ ಒಂದು ಸಾರಿಗೆ ಸಂಸ್ಥೆ ಮುಂದೆ ಬಂತು. 2006ರ ಏಪ್ರಿಲ್ 1ರಂದು ವಾಕಾಯಾಮಾ ವಿದ್ಯುತ್ ರೈಲ್ವೆ ಎಂಬ ಹೊಸ ಹೆಸರಿನಲ್ಲಿ ರೈಲುಗಳು ಓಡತೊಡಗಿದವು. ಖರ್ಚು ಉಳಿಸಬೇಕಲ್ಲ, ಎರಡು ನಿಲ್ದಾಣ ಬಿಟ್ಟು ಉಳಿದ ಕಡೆ ಸಿಬ್ಬಂದಿಯನ್ನು ತೆಗೆದರು. ಕಿಶಿಯೂ ಮುಜಿನ್ ಎಕಿಯಾಯಿತು.

ನಿಲ್ದಾಣದ ಪಕ್ಕದಲ್ಲೇ ಒಂದು ಕಿರಾಣಿ ಅಂಗಡಿ. ಆ ಅಂಗಡಿಯಾಕೆ ಸಾಕಿದ ಬೆಕ್ಕುಗಳ ಗುಡಿಸಲು ನಿಲ್ದಾಣದ ಬದಿಯಲ್ಲಿತ್ತು. ಜಾಗದ ಒಡೆತನ ಬದಲಾದದ್ದರಿಂದ ಗುಡಿಸಲು ಎತ್ತಬೇಕಾಯಿತು. ಬೆಕ್ಕುಗಳಿಗೆ ನಿಲ್ದಾಣದೊಳಗಾದರೂ ಜಾಗ ಕೊಡಿ ಎಂದು ಆಕೆ ಹೊಸ ಕಂಪನಿಯ ಅಧ್ಯಕ್ಷ ಕೊಜಿಮಾ ಮಿತ್ಸುನೊಬು ಅವರನ್ನು ಬೇಡಿಕೊಂಡರು. ಅವರು ಬೆಕ್ಕನ್ನು ನೋಡಿದರು. ಮೂರು ಬಣ್ಣದ ಗಂಭೀರ ಮುಖದ ಬೆಕ್ಕು. ಹೆಸರು ತಮಾ. ಮಾಸ್ತರಿಲ್ಲದ ನಿಲ್ದಾಣಕ್ಕೆ ಇದನ್ನೇ ಮಾಸ್ತರನನ್ನಾಗಿ ಮಾಡಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. 2007ರ ಜನವರಿ 5ರಂದು ತಮಾ ಕಿಶಿ ನಿಲ್ದಾಣದ ಸ್ಟೇಷನ್ ಮಾಸ್ತರಾಗಿ ಅಧಿಕಾರ ವಹಿಸಿಕೊಂಡಿತು. ತಲೆಯ ಅಳತೆಗೆ ಹೊಲಿಸಿದ ಟೋಪಿ. ಸಂಬಳ, ಬೆಕ್ಕಿನ ಆಹಾರ.

ಮುಂದಿನದು ಜಗತ್ತಿಗೇ ಗೊತ್ತಿರುವ ಕಥೆ. ಬೆಕ್ಕಿನ ಮಾಸ್ತರನನ್ನು ನೋಡಲು ದೇಶ ವಿದೇಶಗಳಿಂದ ಜನ ಬಂದರು. ಮೊದಲ ವರ್ಷವೇ ಸುತ್ತಲಿನ ಊರುಗಳಿಗೆ ಸುಮಾರು 110 ಕೋಟಿ ಯೆನ್‌ನಷ್ಟು ಲಾಭವಾಯಿತೆಂದು ಒಬ್ಬ ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದರು. ವಿನ್ಯಾಸಕಾರ ಮಿತೊಒಕಾ ಎಯಿಜಿ 2010ರಲ್ಲಿ ಕಿಶಿಗೆ ಹೊಸ ಕಟ್ಟಡ ಮಾಡಿಕೊಟ್ಟರು. ಮರದ ತೊಗಟೆ ಹೊದಿಸಿದ ಆ ಛಾವಣಿಗೆ ಬೆಕ್ಕಿನ ಕಿವಿಗಳೂ ಇವೆ! 2015ರ ಜೂನ್ 22ರಂದು ತಮಾ ತನ್ನ 16ನೆಯ ವಯಸ್ಸಿನಲ್ಲಿ ತೀರಿಕೊಂಡಾಗ ನಿಲ್ದಾಣದಲ್ಲಿ ನಡೆದ ವಿದಾಯಕ್ಕೆ ಸುಮಾರು ಮೂರು ಸಾವಿರ ಜನ ಸೇರಿದ್ದರು. ಅದೇ ವರ್ಷ 'ಎರಡನೆಯ ತಮಾ' ಎಂಬ ಅರ್ಥದ ನಿತಮಾ ಆ ಹುದ್ದೆಗೆ ಬಂತು.

ಬೆಕ್ಕು ರೈಲನ್ನು ಉಳಿಸಿತು ಎಂದು ಪತ್ರಿಕೆಗಳು ಬರೆದವು. ಸ್ವಲ್ಪ ನಿಧಾನಿಸಿ ನೋಡಬೇಕು. ಬೆಕ್ಕು ಬರುವ ಮೊದಲೇ ಆರು ಸಾವಿರ ಜನ ವಂತಿಗೆ ಕೊಟ್ಟಿದ್ದರು. ಸಹಾಯಧನ ಆಮೇಲೂ ಬೇಕಾಯಿತು. ಬೆಕ್ಕಿಗೆ ಟಿಕೇಟು ನೋಡಲು ಬಾರದು, ಗಾಲಿಕುರ್ಚಿಗೆ ಹಲಗೆ ಹಾಕಲೂ ಬಾರದು. ಅದು ಮಾಡಿದ್ದು ಒಂದೇ ಕೆಲಸ. ಖಾಲಿಯಾಗಿದ್ದ ಕುರ್ಚಿಯ ಕಡೆ ಎಲ್ಲರೂ ತಿರುಗಿ ನೋಡುವಂತೆ ಮಾಡಿತು. ನೋಡಿದ ಮೇಲೆ ಜನ ನಿಂತರು, ಅಂಗಡಿ ನಡೆಯಿತು, ನಿಲ್ದಾಣದಲ್ಲಿ ಮತ್ತೆ ಮಾತು ಕೇಳಿಸಿತು.

ಇಂಥ ಪ್ರಯತ್ನಗಳು ಬೇರೆ ಕಡೆಯೂ ನಡೆದಿವೆ. ಟೋಕಿಯೋದ ಪೂರ್ವಕ್ಕಿರುವ ಚಿಬಾ ಪ್ರಾಂತ್ಯದ ಎಮಿ ಎಂಬ ಸಣ್ಣ ನಿಲ್ದಾಣದಲ್ಲಿ ಸಿಬ್ಬಂದಿ ಇರಲಿಲ್ಲ. 2020ರ ಆಗಸ್ಟಿನಲ್ಲಿ ಅಂಚೆ ಕಚೇರಿಯನ್ನೇ ನಿಲ್ದಾಣಕ್ಕೆ ತಂದರು. ಕಾಗದ ಪತ್ರ ನೋಡುವ ಅಂಚೆಯವರೇ ರೈಲ್ವೆ ಟಿಕೇಟನ್ನೂ ಕೊಡುತ್ತಾರೆ. ಅಂಚೆಯೂ ಉಳಿಯಿತು, ನಿಲ್ದಾಣಕ್ಕೂ ಒಂದು ಮುಖ ಬಂತು. ಬೆಕ್ಕಿನಷ್ಟು ಹೆಸರು ಮಾಡದಿದ್ದರೂ ಗಾಲಿಕುರ್ಚಿಯವರಿಗೆ, ಮುದುಕರಿಗೆ ಇದೇ ಹೆಚ್ಚು ಉಪಕಾರಿ ಎನ್ನಬೇಕು. ಕೇಳಿದರೆ ಉತ್ತರಿಸುವ ಒಬ್ಬರು ಅಲ್ಲಿದ್ದಾರಲ್ಲ.

ಮತ್ತೆ ಕೊಕುದೋಗೆ

ಕೊಕುದೋಗೆ ಬೆಕ್ಕೂ ಬಂದಿಲ್ಲ, ಅಂಚೆಯೂ ಬಂದಿಲ್ಲ. ಅದರ ಕತ್ತಲೆಯ ಓಣಿ ಹಾಗೇ ಇದೆ. 2023ರ ಡಿಸೆಂಬರಿನಿಂದ ಮಾರ್ಗದಲ್ಲಿ ಹೊಸ ರೈಲುಗಳು ಓಡುತ್ತಿವೆ, ಬೋಗಿಗಳು ಥಳಥಳಿಸುತ್ತವೆ. ನಿಲ್ದಾಣ ಮಾತ್ರ 1930ರ ವೇಷದಲ್ಲೇ ನಿಂತಿದೆ. ಹತ್ತಿರದ ಬೀದಿಯಲ್ಲಿ ಮೀನಿನಂಗಡಿಗಳ ಸಾಲು. ಕಾರ್ಡು ತಾಗಿಸುವ ಯಂತ್ರದ 'ಪೀ' ಸದ್ದು ಓಣಿಯಲ್ಲಿ ಆಗಾಗ ಕೇಳುತ್ತದೆ. ಹೆಚ್ಚಿನವರು ತಪ್ಪದೆ ತಾಗಿಸಿಯೇ ಹೋಗುತ್ತಾರೆ. ಇಲ್ಲದಿದ್ದರೆ ಅರ್ಧ ಶತಮಾನ ಈ ವ್ಯವಸ್ಥೆ ನಡೆಯುತ್ತಿರಲಿಲ್ಲ.

ಜಪಾನಿನ ರೈಲು ಚಾಲಕರಿಗೆ ಒಂದು ಅಭ್ಯಾಸವಿದೆ. ಸಿಗ್ನಲ್ ಕಂಡಾಗ, ಹೊರಡುವ ಮುನ್ನ, ಕೈಬೆರಳು ಚಾಚಿ ತೋರಿಸಿ, ಕಂಡದ್ದನ್ನು ಬಾಯಿಬಿಟ್ಟು ಹೇಳುತ್ತಾರೆ. ಕಣ್ಣು, ಕೈ, ಬಾಯಿ ಮೂರೂ ಒಂದೇ ಕೆಲಸದಲ್ಲಿ ತೊಡಗಿದರೆ ತಪ್ಪು ಕಡಿಮೆ ಎಂಬ ಹಳೆಯ ಪಾಠ. ಕೇಳುವವರು ಯಾರೂ ಇಲ್ಲದ ಪ್ಲಾಟ್‌ಫಾರ್ಮಿನಲ್ಲೂ ಆ ಪಾಠ ತಪ್ಪುವುದಿಲ್ಲ. ಖಾಲಿ ನಿಲ್ದಾಣದಲ್ಲಿ ರೈಲು ನಿಲ್ಲುತ್ತದೆ, ಬಿಳಿ ಕೈಗವಸಿನ ಬೆರಳೊಂದು ಮುಂದೆ ಚಾಚುತ್ತದೆ, ಒಂದು ದನಿ ಏಳುತ್ತದೆ, ಬಾಗಿಲು ಮುಚ್ಚುತ್ತದೆ.

ಆ ದನಿ ಕೇಳಿದಾಗ ಸ್ವಲ್ಪ ಸಮಾಧಾನವಾಗುತ್ತದೆ. ಗಾಲಿಕುರ್ಚಿಯವರೊಬ್ಬರು ಮೆಟ್ಟಿಲ ಕೆಳಗೆ ನಿಂತು ಅದೇ ದನಿಯನ್ನು ಕೇಳುತ್ತಿರಬಹುದು ಎಂದು ನೆನಪಾದಾಗ ಆ ಸಮಾಧಾನ ಹೆಚ್ಚು ಹೊತ್ತು ಉಳಿಯುವುದಿಲ್ಲ.